ಬಟ್ಟೆ ಒಣಗಿಸುವ ಯಂತ್ರದ ಲಿಂಟ್ ಜಾಲರಿ

ಲಿಂಟ್ ಜಾಲರಿ ಎಂಬುದು ಬಟ್ಟೆ ಒಣಗಿಸುವ ಯಂತ್ರದಲ್ಲಿ, ಅಂದರೆ ಡ್ರೈಯರಿನಲ್ಲಿ, ಬಿಸಿಗಾಳಿಯೊಡನೆ ಹಾರಿಬರುವ ನೂಲಿನ ಜುಂಗನ್ನು ತಡೆದು ಹಿಡಿಯುವ ಶೋಧಕವಾಗಿದೆ. ಒಣಗುವಾಗ ಬಟ್ಟೆಯಿಂದ ಉದುರುವ ನವಿರಾದ ಎಳೆಗಳನ್ನು ಲಿಂಟ್ ಎಂದು ಕರೆಯುತ್ತಾರೆ. ಲಿಂಟ್ ಫಿಲ್ಟರ್, ಲಿಂಟ್ ಟ್ರ್ಯಾಪ್ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಬ್ರಿಟನ್ನಿನಲ್ಲಿ ಇದನ್ನು ಫ್ಲಫ್ ಫಿಲ್ಟರ್ ಎನ್ನುವುದು ರೂಢಿ. ಪ್ರತಿ ಸಲ ಬಟ್ಟೆ ಒಣಗಿಸಿದ ಮೇಲೆ ಈ ಜಾಲರಿಯನ್ನು ಶುಚಿಗೊಳಿಸಬೇಕೆಂದು ಯಂತ್ರ ತಯಾರಕರು ಸೂಚಿಸುತ್ತಾರೆ. ಶುಚಿಗೊಳಿಸದಿದ್ದರೆ ಒಣಗುವ ಅವಧಿ ಮತ್ತು ವಿದ್ಯುತ್ ಖರ್ಚು ಹೆಚ್ಚುತ್ತವೆ, ಯಂತ್ರದ ಭಾಗಗಳು ಬೇಗ ಸವೆಯುತ್ತವೆ; ಎಲ್ಲಕ್ಕಿಂತ ಮುಖ್ಯವಾಗಿ ಬೆಂಕಿಯ ಅಪಾಯ ಉಂಟಾಗುತ್ತದೆ. ಆದರೆ ಜಾಲರಿಯು ಲಿಂಟ್‌ನ ಒಂದು ಪಾಲನ್ನು ಮಾತ್ರ ಹಿಡಿಯುತ್ತದೆ. ಉಳಿದದ್ದು ಜಾಲರಿಯ ಗೂಡು, ನಿಷ್ಕಾಸ ಕೊಳವೆ ಹಾಗೂ ಯಂತ್ರದ ಒಡಲಿನೊಳಗೆ ಸೇರುವುದರಿಂದ, ನಿರ್ವಹಣೆಯು ಜಾಲರಿಯಿಂದ ಆರಂಭವಾಗುತ್ತದೆಯೇ ಹೊರತು ಅಲ್ಲಿಗೇ ಮುಗಿಯುವುದಿಲ್ಲ.

ಹಿನ್ನೆಲೆ

ಬಟ್ಟೆಯನ್ನು ತಿರುಗುವ ಉರುಳೆಯಲ್ಲಿ ಹಾಕಿ ಶಾಖದಿಂದ ಒಣಗಿಸುವ ಪ್ರಯತ್ನ 1800ರ ಸುಮಾರಿಗೆ ಫ್ರಾನ್ಸಿನಲ್ಲಿ ನಡೆಯಿತು. ಪೊಷೋಂ ಎಂಬಾತ ರಚಿಸಿದ ಆ ಸಾಧನ ಬೆಂಕಿಯ ಮೇಲೆ ಕೈಯಿಂದ ತಿರುಗಿಸಬೇಕಾದ ತೂತುಗಳುಳ್ಳ ಲೋಹದ ಉರುಳೆಯಾಗಿತ್ತು. ಬಟ್ಟೆಗೆ ಹೊಗೆಯ ವಾಸನೆ ಹಿಡಿಯುವುದು, ಕೆಲವೊಮ್ಮೆ ಬಟ್ಟೆಯೇ ಸುಡುವುದು ಅದರ ದೋಷಗಳಾಗಿದ್ದವು. ಅಮೆರಿಕದ ಜಾರ್ಜ್ ಟಿ. ಸ್ಯಾಂಪ್ಸನ್ ಅವರು ಒಲೆಯ ಶಾಖವನ್ನು ಬಳಸಿ ಬಟ್ಟೆ ಒಣಗಿಸುವ ಚೌಕಟ್ಟಿಗೆ 1892ರ ಜೂನ್ 7ರಂದು ಪೇಟೆಂಟ್ ಪಡೆದರು. ವಿದ್ಯುತ್ ಚಾಲಿತ ಗೃಹಬಳಕೆಯ ಡ್ರೈಯರ್ ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಉತ್ತರ ಡಕೋಟಾದ ಜೆ. ರಾಸ್ ಮೂರ್ ಅವರ ವಿನ್ಯಾಸವನ್ನು ವಿಸ್ಕಾನ್ಸಿನ್ ರಾಜ್ಯದ ಹ್ಯಾಮಿಲ್ಟನ್ ಕಂಪನಿ ತಯಾರಿಸಿ ಮಾರಿತು. ಎರಡನೆಯ ಮಹಾಯುದ್ಧದ ಅನಂತರ ಉತ್ತರ ಅಮೆರಿಕದ ಮನೆಗಳಲ್ಲಿ ಈ ಯಂತ್ರ ಸಾಮಾನ್ಯವಾಯಿತು. ಜಾಲರಿಯ ನಿರ್ವಹಣೆಯ ಕುರಿತ ಎಚ್ಚರಿಕೆ, ಕಟ್ಟಡ ನಿಯಮ ಮತ್ತು ಅಂಕಿಅಂಶಗಳಲ್ಲಿ ಹೆಚ್ಚಿನವು ಆ ದೇಶದಿಂದಲೇ ಬಂದಿರುವುದಕ್ಕೆ ಇದು ಕಾರಣ.

ಲಿಂಟ್ ಉಂಟಾಗುವ ಬಗೆ

ನೂಲು ಎಂದರೆ ಹೊಸೆದ ಸಣ್ಣ ಎಳೆಗಳ ಕಟ್ಟು. ಹತ್ತಿಯ ನೂಲಿನಲ್ಲಿ ಪ್ರತಿ ಎಳೆಯೂ ಕೆಲವೇ ಸೆಂಟಿಮೀಟರ್ ಉದ್ದವಿದ್ದು, ಅವುಗಳ ತುದಿಗಳು ಬಟ್ಟೆಯ ಮೇಲ್ಮೈಯಲ್ಲಿ ಹೊರಚಾಚಿಕೊಂಡಿರುತ್ತವೆ. ಉಡುವಾಗ, ಒಗೆಯುವಾಗ ಮತ್ತು ಯಂತ್ರದಲ್ಲಿ ಹೊರಳುವಾಗ ಆಗುವ ತಿಕ್ಕಾಟದಿಂದ ಇವು ಸಡಿಲಗೊಂಡು ಮುರಿಯುತ್ತವೆ. ಒದ್ದೆಯಾಗಿರುವಷ್ಟು ಹೊತ್ತು ನೀರಿನ ಅಂಟಿನಿಂದ ಬಟ್ಟೆಗೇ ಹತ್ತಿಕೊಂಡಿದ್ದು, ತೇವ ಆರಿದೊಡನೆ ಬಿಡಿಬಿಡಿಯಾಗಿ ಗಾಳಿಯ ಪಾಲಾಗುತ್ತವೆ. ಹಗ್ಗದ ಮೇಲೆ ಹರವಿದ ಬಟ್ಟೆಯಿಂದಲೂ ಎಳೆಗಳು ಉದುರುತ್ತವೆ. ಅವು ಒಂದೆಡೆ ಗುಡ್ಡೆಯಾಗದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಯಾವ ಬಟ್ಟೆಯಿಂದ ಎಷ್ಟು ಲಿಂಟ್ ಬರುತ್ತದೆ ಎಂಬುದು ನೂಲಿನ ಜಾತಿ, ನೇಯ್ಗೆ ಮತ್ತು ಬಟ್ಟೆಯ ವಯಸ್ಸನ್ನು ಅವಲಂಬಿಸಿದೆ. ಹೊಸ ಟರ್ಕಿ ಟವೆಲು, ಫ್ಲಾನೆಲ್ ಮತ್ತು ಹೊದಿಕೆಗಳಿಂದ ಹೇರಳವಾಗಿ ಬರುತ್ತದೆ. ನುಣುಪಾದ ಪಾಲಿಯೆಸ್ಟರ್ ಅಂಗಿಯಿಂದ ಬರುವುದು ಸ್ವಲ್ಪ. ಜಾಲರಿಯಲ್ಲಿ ಸಿಗುವ ಪದರದಲ್ಲಿ ಬಟ್ಟೆಯ ಎಳೆಗಳಷ್ಟೇ ಅಲ್ಲದೆ ತಲೆಗೂದಲು, ಸಾಕುಪ್ರಾಣಿಗಳ ರೋಮ, ಧೂಳು ಮತ್ತು ಜೇಬಿನಲ್ಲಿ ಮರೆತ ಟಿಶ್ಯೂ ಕಾಗದದ ಚೂರುಗಳೂ ಇರುತ್ತವೆ.

ಗಾಳಿಯ ಹರಿವು ಮತ್ತು ಜಾಲರಿಯ ಸ್ಥಾನ

ಡ್ರೈಯರ್ ಬಟ್ಟೆಯನ್ನು ಒಣಗಿಸುವುದು ಶಾಖದಿಂದ ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಅರ್ಧ ನಿಜ. ಶಾಖವು ನೀರನ್ನು ಆವಿಯಾಗಿಸುತ್ತದೆ. ಆ ಆವಿಯನ್ನು ಹೊತ್ತೊಯ್ಯುವ ಕೆಲಸ ಗಾಳಿಯದು. ಕೊಳವೆಯುಳ್ಳ ಸಾಧಾರಣ ಯಂತ್ರದಲ್ಲಿ ಫ್ಯಾನು ಕೋಣೆಯ ಗಾಳಿಯನ್ನು ಯಂತ್ರದ ಒಡಲಿನ ಮೂಲಕ ಸೆಳೆದು, ಹೀಟರಿನ ಮೇಲೆ ಹಾಯಿಸಿ, ಡ್ರಮ್ಮಿನೊಳಗೆ ಹೊರಳುತ್ತಿರುವ ಬಟ್ಟೆಯ ನಡುವೆ ನುಗ್ಗಿಸುತ್ತದೆ. ತೇವ ತುಂಬಿದ ಆ ಗಾಳಿ ಲಿಂಟ್ ಜಾಲರಿಯನ್ನು ದಾಟಿ, ಫ್ಯಾನಿನ ಮೂಲಕ ನಿಷ್ಕಾಸ ಕೊಳವೆಗೆ ಸೇರಿ ಮನೆಯ ಹೊರಗೆ ಹೋಗುತ್ತದೆ. ಹೀಗೆ ಹೊರಹೋಗುವ ಗಾಳಿಯೆಲ್ಲವೂ ಅಂಗೈಯಗಲ ಅಥವಾ ಅದಕ್ಕಿಂತ ತುಸು ದೊಡ್ಡದಾದ ಒಂದು ಜಾಲರಿಯ ಮೂಲಕವೇ ಹಾಯಬೇಕು. ಅದು ಮುಚ್ಚಿಕೊಂಡರೆ ಹೀಟರ್ ಉರಿಯುತ್ತಲೇ ಇರುತ್ತದೆ, ಆದರೆ ಶಾಖವನ್ನೂ ಆವಿಯನ್ನೂ ಕೊಂಡೊಯ್ಯುವ ಗಾಳಿ ಸಾಲದಾಗುತ್ತದೆ. ಆಗ ಹೀಟರಿನ ಸುತ್ತ ತಾಪ ಏರುತ್ತದೆ, ಥರ್ಮೋಸ್ಟಾಟ್ ಮತ್ತೆ ಮತ್ತೆ ಹೀಟರನ್ನು ಆರಿಸಿ ಹೊತ್ತಿಸುತ್ತದೆ, ಡ್ರಮ್ಮಿನೊಳಗಿನ ಬಟ್ಟೆ ಮಾತ್ರ ಹಸಿಯಾಗಿಯೇ ಉಳಿಯುತ್ತದೆ.

ಜಾಲರಿಯು ಕೆಲವು ಮಾದರಿಗಳಲ್ಲಿ ಬಾಗಿಲಿನ ಕೆಳಅಂಚಿನ ಸೀಳಿನಲ್ಲಿಯೂ, ಕೆಲವು ಅಮೆರಿಕನ್ ಮಾದರಿಗಳಲ್ಲಿ ಯಂತ್ರದ ಮೇಲ್ಭಾಗದ ಸೀಳಿನಲ್ಲಿಯೂ ಇರುತ್ತದೆ. ಯುರೋಪಿನ ಮಾದರಿಗಳಲ್ಲಿ ಪುಸ್ತಕದಂತೆ ತೆರೆದುಕೊಳ್ಳುವ ಎರಡು ಹಾಳೆಗಳ ಜಾಲರಿ ಸಾಮಾನ್ಯ. ಅಂಥವುಗಳಲ್ಲಿ ಒಂದರೊಳಗೊಂದು ಕೂರುವ ಎರಡು ಜಾಲರಿಗಳಿರುವುದೂ ಉಂಟು. ಪ್ಲಾಸ್ಟಿಕ್ ಚೌಕಟ್ಟಿಗೆ ನೈಲಾನ್ ಅಥವಾ ಲೋಹದ ಸಣ್ಣಕಣ್ಣಿನ ಬಲೆಯನ್ನು ಬಿಗಿದಿರುತ್ತಾರೆ.

ನಿತ್ಯದ ಶುಚಿಕಾರ್ಯ

ಯಂತ್ರ ಪೂರ್ತಿಯಾಗಿ ನಿಂತ ಮೇಲೆ ಬಟ್ಟೆಗಳನ್ನು ಹೊರತೆಗೆದು ಜಾಲರಿಯನ್ನು ಅದರ ಸೀಳಿನಿಂದ ನೇರವಾಗಿ ಮೇಲಕ್ಕೆ ಎಳೆಯಬೇಕು. ಎಳೆಯುವ ಮುನ್ನ ಬಾಗಿಲಿನ ಅಂಚಿನಲ್ಲಿ ಕುಳಿತ ಬಿಡಿ ಜುಂಗನ್ನು ಕೈಯಿಂದ ಒರೆಸಿ ತೆಗೆಯುವುದು ಒಳ್ಳೆಯದು. ಇಲ್ಲದಿದ್ದರೆ ಅದು ಖಾಲಿಯಾದ ಸೀಳಿನೊಳಗೆ ಬೀಳುತ್ತದೆ. ಲಿಂಟ್ ಬಲೆಯ ಮೇಲೆ ತೆಳುವಾದ ಕಂಬಳಿಯಂತೆ ಹರಡಿಕೊಂಡಿರುತ್ತದೆ. ಒಂದು ಮೂಲೆಯಿಂದ ಬೆರಳಿನಿಂದ ಒತ್ತಿ ಉರುಳಿಸಿದರೆ ಇಡೀ ಪದರವು ಚಾಪೆ ಸುತ್ತಿದಂತೆ ಸುತ್ತಿಕೊಂಡು ಬರುತ್ತದೆ. ಹಿಡಿತ ಸಿಗದಿದ್ದರೆ ಬೆರಳನ್ನು ತುಸು ಒದ್ದೆ ಮಾಡಿಕೊಳ್ಳಬಹುದು, ಅಥವಾ ಮೊದಲು ತೆಗೆದ ಲಿಂಟ್‌ನ ಉಂಡೆಯನ್ನೇ ಉಳಿದದ್ದರ ಮೇಲೆ ಒತ್ತಿ ಎತ್ತಬಹುದು. ಚಾಕು, ತಂತಿ, ಒರಟು ಬ್ರಷ್ ಮೊದಲಾದವುಗಳಿಂದ ಕೆರೆಯಬಾರದು. ಬಲೆಯಲ್ಲಿ ಸೂಜಿಮೊನೆಯಷ್ಟು ಹರಿದರೂ ಗಾಳಿ ಆ ತೂತಿನ ಕಡೆಗೇ ನುಗ್ಗಿ, ಎಳೆಗಳನ್ನು ಫ್ಯಾನಿನೊಳಕ್ಕೆ ಒಯ್ಯುತ್ತದೆ.

ಈ ಕೆಲಸಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಇದನ್ನು ಬಟ್ಟೆ ಹಾಕುವ ಮೊದಲು ಮಾಡಬೇಕೇ ತೆಗೆದ ಮೇಲೆ ಮಾಡಬೇಕೇ ಎಂಬ ಪ್ರಶ್ನೆ ಹಲವರಲ್ಲಿದೆ. ತೆಗೆದ ಮೇಲೆ ಮಾಡುವುದು ಮೇಲು, ಏಕೆಂದರೆ ಆಗ ಪದರ ಒಣಗಿದ್ದು ಸುಲಭವಾಗಿ ಬಿಡುತ್ತದೆ. ಒಂದೇ ಯಂತ್ರವನ್ನು ಹಲವರು ಬಳಸುವ ವಿದ್ಯಾರ್ಥಿನಿಲಯ, ಬಾಡಿಗೆ ಕಟ್ಟಡಗಳಲ್ಲಿ ಮಾತ್ರ ಹಾಕುವ ಮೊದಲೂ ನೋಡಿಕೊಳ್ಳಬೇಕು. ಹಿಂದೆ ಬಳಸಿದವರು ತೆಗೆದಿರುತ್ತಾರೆಂದು ನಂಬುವಂತಿಲ್ಲ. ಜಾಲರಿಯನ್ನು ಹಿಂತಿರುಗಿಸುವಾಗ ಅದು ತನ್ನ ಸ್ಥಾನದಲ್ಲಿ ಪೂರ್ತಿ ಕೂರುವಂತೆ ಒತ್ತಬೇಕು. ಜಾಲರಿಯಿಲ್ಲದೆ, ಅಥವಾ ಹರಿದ ಜಾಲರಿಯಿಟ್ಟು ಯಂತ್ರವನ್ನು ಎಂದಿಗೂ ಓಡಿಸಬಾರದು. ಹೊಸ ಜಾಲರಿ ಕೊಳ್ಳುವಾಗ ಅಳತೆ ಹೊಂದುವುದಷ್ಟೇ ಸಾಲದು, ಯಂತ್ರದ ಮಾದರಿ ಸಂಖ್ಯೆಗೆ ತಕ್ಕದ್ದನ್ನೇ ಆರಿಸಬೇಕು.

ನೀರಿನಿಂದ ತೊಳೆಯುವುದು

ಕೈಯಿಂದ ಲಿಂಟ್ ತೆಗೆದಾಗ ಜಾಲರಿ ಸ್ವಚ್ಛವಾಗಿ ಕಂಡರೂ ಅದರ ಕಣ್ಣುಗಳು ಮುಚ್ಚಿಕೊಂಡಿರಬಹುದು. ಬಟ್ಟೆಯನ್ನು ಮೃದುವಾಗಿಸಲು ಡ್ರೈಯರಿನಲ್ಲಿ ಹಾಕುವ ಸುಗಂಧದ ಹಾಳೆಗಳಲ್ಲಿ ಮೇಣದಂಥ ಜಿಡ್ಡಿನ ಲೇಪವಿರುತ್ತದೆ. ಶಾಖಕ್ಕೆ ಕರಗಿದ ಈ ಲೇಪದ ಸ್ವಲ್ಪ ಭಾಗ ಬಲೆಯ ಮೇಲೆ ಕಣ್ಣಿಗೆ ಕಾಣದ ಪೊರೆಯಾಗಿ ಕೂರುತ್ತದೆ. ಒಗೆಯುವಾಗ ಹಾಕುವ ದ್ರವರೂಪದ ಮೃದುಕಾರಕದಿಂದಲೂ ಹೀಗಾಗುವುದುಂಟು.

ಇದನ್ನು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಲಿಂಟ್ ತೆಗೆದ ಜಾಲರಿಯನ್ನು ಅಡ್ಡಲಾಗಿ ಹಿಡಿದು ನಲ್ಲಿಯ ನೀರನ್ನು ಸಣ್ಣಗೆ ಬಿಡಬೇಕು. ನೀರು ತಡೆಯಿಲ್ಲದೆ ಇಳಿದರೆ ಬಲೆ ಶುಚಿಯಾಗಿದೆ. ಬಲೆಯ ಮೇಲೆ ತಟ್ಟೆಯಲ್ಲಿ ನಿಂತಂತೆ ನೀರು ನಿಂತರೆ ಪೊರೆ ಕಟ್ಟಿದೆ ಎಂದರ್ಥ. ಆಗ ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೆರಡು ಹನಿ ಸೇರಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಂಥ ಮೆದು ಬ್ರಷ್ಷಿನಿಂದ ಎರಡೂ ಬದಿ ಹಗುರಾಗಿ ಉಜ್ಜಬೇಕು. ಲಿಂಟ್ ಕೂರುವ ಬದಿಯ ಹಿಂಭಾಗದಿಂದ ನೀರು ಬಿಟ್ಟರೆ ಕಣ್ಣುಗಳಲ್ಲಿ ಸಿಕ್ಕ ಎಳೆಗಳು ಬಂದ ದಾರಿಯಲ್ಲೇ ಹೊರಬೀಳುತ್ತವೆ. ತೊಳೆದ ಜಾಲರಿಯನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಹಾಕಬೇಕು. ಒದ್ದೆ ಬಲೆಗೆ ಲಿಂಟ್ ಅಂಟಿಕೊಂಡು ಬೇಗನೆ ಕಟ್ಟಿಕೊಳ್ಳುತ್ತದೆ. ಸುಗಂಧದ ಹಾಳೆಗಳನ್ನು ನಿಯಮಿತವಾಗಿ ಬಳಸುವ ಮನೆಗಳಲ್ಲಿ ತಿಂಗಳಿಗೊಮ್ಮೆ, ಇತರೆಡೆ ಆರು ತಿಂಗಳಿಗೊಮ್ಮೆ ತೊಳೆದರೆ ಸಾಕು.

ಬಟ್ಟೆಯ ತೇವವನ್ನು ಅಳೆಯುವ ಲೋಹದ ಪಟ್ಟಿಗಳು ಡ್ರಮ್ಮಿನೊಳಗೆ, ಹೆಚ್ಚಾಗಿ ಜಾಲರಿಯ ಸಮೀಪದಲ್ಲೇ ಇರುತ್ತವೆ. ಅವುಗಳ ಮೇಲೆಯೂ ಇದೇ ಪೊರೆ ಕಟ್ಟುವುದರಿಂದ ಯಂತ್ರವು ಬಟ್ಟೆ ಒಣಗಿತೆಂದು ತಪ್ಪಾಗಿ ತಿಳಿದು ಬೇಗನೆ ನಿಲ್ಲುತ್ತದೆ. ಜಾಲರಿ ತೊಳೆಯುವಾಗಲೇ ಈ ಪಟ್ಟಿಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಬಹುದು.

ಜಾಲರಿಯ ಗೂಡು ಮತ್ತು ನಿಷ್ಕಾಸ ಕೊಳವೆ

ಜಾಲರಿ ಕೂರುವ ಸೀಳಿನ ತಳದಲ್ಲಿ ಲಿಂಟ್ ಶೇಖರವಾಗುತ್ತಲೇ ಇರುತ್ತದೆ. ಯಂತ್ರದ ಪ್ಲಗ್ಗನ್ನು ಕಿತ್ತು, ವ್ಯಾಕ್ಯೂಮ್ ಕ್ಲೀನರಿನ ಚಪ್ಪಟೆ ಮೂತಿಯಿಂದ ಇದನ್ನು ಹೀರಿ ತೆಗೆಯಬೇಕು. ಬಾಗುವ ಉದ್ದ ಹಿಡಿಕೆಯ ಬ್ರಷ್‌ಗಳು ಇದಕ್ಕೆಂದೇ ದೊರೆಯುತ್ತವೆ. ಲಿಂಟನ್ನು ಇನ್ನೂ ಒಳಕ್ಕೆ ತಳ್ಳದಂತೆ ಅವನ್ನು ಸುತ್ತುತ್ತಾ ಎಳೆಯಬೇಕು.

ಮನೆಯವರ ಗಮನದಿಂದ ಅತಿ ಹೆಚ್ಚು ತಪ್ಪಿಸಿಕೊಳ್ಳುವ ಭಾಗವೆಂದರೆ ಯಂತ್ರದ ಹಿಂದಿನ ನಿಷ್ಕಾಸ ಕೊಳವೆ. ತೇವದ ಗಾಳಿ ತಣ್ಣನೆಯ ಕೊಳವೆಯಲ್ಲಿ ಹರಿಯುವಾಗ ಗೋಡೆಗೆ ಹನಿ ಕಟ್ಟುತ್ತದೆ, ಜಾಲರಿಯಿಂದ ತಪ್ಪಿಸಿಕೊಂಡ ಎಳೆಗಳು ಆ ಹನಿಗೆ ಅಂಟುತ್ತವೆ. ಸುರುಳಿಯಾಕಾರದ ಮಡಿಕೆಗಳುಳ್ಳ ಪ್ಲಾಸ್ಟಿಕ್ ಅಥವಾ ತೆಳು ಹಾಳೆಯ ಕೊಳವೆಗಳಲ್ಲಿ ಪ್ರತಿ ಮಡಿಕೆಯೂ ಲಿಂಟ್‌ಗೆ ಒಂದು ತಂಗುದಾಣ. ಪ್ಲಾಸ್ಟಿಕ್ ಕೊಳವೆ ತಾನೂ ಹೊತ್ತಿ ಉರಿಯಬಲ್ಲದು. ಆದ್ದರಿಂದ ಒಳಮೈ ನುಣುಪಾದ ಗಟ್ಟಿ ಲೋಹದ ಕೊಳವೆಯನ್ನೇ ಬಳಸಬೇಕೆಂಬುದು ಅಗ್ನಿಸುರಕ್ಷತಾ ಸಂಸ್ಥೆಗಳ ಸಲಹೆ.

ಅಮೆರಿಕದ ಬಹುತೇಕ ರಾಜ್ಯಗಳು ಅನುಸರಿಸುವ ಅಂತರರಾಷ್ಟ್ರೀಯ ವಸತಿ ಸಂಹಿತೆಯ ಪ್ರಕಾರ ಈ ಕೊಳವೆ 4 ಅಂಗುಲ ವ್ಯಾಸದ ಲೋಹದ್ದಾಗಿರಬೇಕು. ತಯಾರಕರು ಬೇರೆ ಸೂಚನೆ ನೀಡದಿದ್ದಲ್ಲಿ ಅದರ ಉದ್ದ 35 ಅಡಿಗಳನ್ನು ಮೀರಬಾರದು. ಪ್ರತಿ 90 ಡಿಗ್ರಿ ತಿರುವಿಗೆ 5 ಅಡಿ, 45 ಡಿಗ್ರಿ ತಿರುವಿಗೆ ಎರಡೂವರೆ ಅಡಿ ಈ ಮಿತಿಯಿಂದ ಕಳೆಯಬೇಕು. ಉದಾಹರಣೆಗೆ, ಎರಡು ಕಡೆ ನೇರ ಕೋನದಲ್ಲಿ ತಿರುಗುವ ಕೊಳವೆಗೆ ಉಳಿಯುವುದು 25 ಅಡಿ ಮಾತ್ರ. ಕೊಳವೆಯ ಹೊರತುದಿಗೆ ಬಲೆ ಹಾಕುವುದನ್ನೂ ಸಂಹಿತೆ ನಿಷೇಧಿಸಿದೆ. ಹಕ್ಕಿ, ಇಲಿಗಳು ನುಸುಳದಿರಲೆಂದು ಬಲೆ ಬಿಗಿಯುವುದು ಸಹಜ ಆಲೋಚನೆಯಾದರೂ, ಆ ಬಲೆ ಯಾರೂ ಶುಚಿಗೊಳಿಸದ ಎರಡನೆಯ ಲಿಂಟ್ ಜಾಲರಿಯಾಗುತ್ತದೆ. ಅದರ ಬದಲು ಗಾಳಿ ಬೀಸಿದಾಗ ಮಾತ್ರ ತೆರೆದುಕೊಳ್ಳುವ ಮುಚ್ಚಳ ಇರಬೇಕು. ಕೊಳವೆಯ ತುಂಡುಗಳನ್ನು ಜೋಡಿಸುವಾಗ ಒಳಕ್ಕೆ ಚಾಚುವ ಸ್ಕ್ರೂಗಳನ್ನು ಹಾಕಬಾರದು, ಅವುಗಳ ಮೊನೆಗೂ ಲಿಂಟ್ ಸಿಕ್ಕಿಕೊಳ್ಳುತ್ತದೆ.

ಕೊಳವೆಯನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಉದ್ದನೆಯ ಬ್ರಷ್ಷಿನಿಂದ ಶುಚಿಗೊಳಿಸಬೇಕು. ಅನಿಲದಿಂದ ಕಾಯುವ ಡ್ರೈಯರಿನಲ್ಲಿ ಕೊಳವೆ ಕಟ್ಟಿಕೊಂಡರೆ ವಿಷಕಾರಿಯಾದ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬುವ ಅಪಾಯವಿದೆ. ಅಂಥ ಯಂತ್ರವನ್ನು ಸ್ಥಳದಿಂದ ಸರಿಸಿದರೆ ಅನಿಲದ ಜೋಡಣೆ ಸಡಿಲವಾಗಬಹುದಾದ್ದರಿಂದ ಈ ಕೆಲಸವನ್ನು ತರಬೇತಾದ ತಂತ್ರಜ್ಞರಿಗೇ ಬಿಡುವುದು ಕ್ಷೇಮ.

ಕೊಳವೆಯಿಲ್ಲದ ಯಂತ್ರಗಳು

ಹೊರಗೋಡೆಗೆ ತೂತು ಕೊರೆಯಲಾಗದ ಮನೆಗಳಿಗಾಗಿ ಕಂಡೆನ್ಸರ್ ಮತ್ತು ಹೀಟ್ ಪಂಪ್ ಮಾದರಿಯ ಡ್ರೈಯರ್‌ಗಳಿವೆ. ಇವು ತೇವದ ಗಾಳಿಯನ್ನು ತಣಿಸಿ, ಆವಿಯನ್ನು ನೀರಾಗಿಸಿ ತೊಟ್ಟಿಯಲ್ಲಿ ಹಿಡಿದು, ಅದೇ ಗಾಳಿಯನ್ನು ಮತ್ತೆ ಕಾಯಿಸಿ ಬಳಸುತ್ತವೆ. ಲಿಂಟ್ ಹೊರಗೆ ಹೋಗುವ ದಾರಿಯೇ ಇಲ್ಲದಿರುವುದರಿಂದ ಜಾಲರಿಯ ಪಾತ್ರ ಇಲ್ಲಿ ಇನ್ನೂ ಹಿರಿದು. ಅದನ್ನು ದಾಟಿದ ಎಳೆಗಳು ತಣಿಸುವ ಭಾಗದ ತೆಳು ಲೋಹದ ರೆಕ್ಕೆಗಳ ನಡುವೆ ಒದ್ದೆಯಾಗಿ ಮೆತ್ತಿಕೊಂಡು ಮಣ್ಣಿನಂತಾಗುತ್ತವೆ. ಕಂಡೆನ್ಸರ್ ಮಾದರಿಗಳಲ್ಲಿ ಈ ಭಾಗವನ್ನು ಸಾಮಾನ್ಯವಾಗಿ ಪೆಟ್ಟಿಗೆಯಂತೆ ಹೊರಗೆಳೆದು ನಲ್ಲಿಯ ಕೆಳಗೆ ತೊಳೆಯಬಹುದು. ಹೀಟ್ ಪಂಪ್ ಮಾದರಿಗಳಲ್ಲಿ ಅದು ಯಂತ್ರಕ್ಕೆ ಸ್ಥಿರವಾಗಿ ಜೋಡಿಸಲ್ಪಟ್ಟಿದ್ದು, ಮುಂಭಾಗದ ಕೆಳಗಿನ ಮುಚ್ಚಳ ತೆರೆದು ಮೆದು ಬ್ರಷ್ಷಿನಿಂದ ರೆಕ್ಕೆಗಳ ಉದ್ದಕ್ಕೆ ಮಾತ್ರ ಎಳೆಯಬೇಕು. ರೆಕ್ಕೆಗಳು ಕೈಗೆ ಗಾಯ ಮಾಡುವಷ್ಟು ಹರಿತವೂ, ಒತ್ತಿದರೆ ಬಾಗುವಷ್ಟು ಮೆದುವೂ ಆಗಿರುತ್ತವೆ. ಅವುಗಳ ಮುಂದೆ ಸ್ಪಂಜಿನ ಶೋಧಕವಿದ್ದರೆ ಅದನ್ನೂ ತೊಳೆದು ಹಿಂಡಿ ಒಣಗಿಸಬೇಕು. ಕೆಲವು ಮಾದರಿಗಳು ಈ ಭಾಗವನ್ನು ತಾವೇ ತೊಳೆದುಕೊಳ್ಳುತ್ತವೆ. ಆದರೂ ಬಾಗಿಲಿನ ಜಾಲರಿಯನ್ನು ತೆಗೆಯುವ ಕೆಲಸ ಬಳಸುವವರದೇ.

ಒಂದೇ ಡ್ರಮ್ಮಿನಲ್ಲಿ ಒಗೆದು ಒಣಗಿಸುವ ಸಂಯುಕ್ತ ಯಂತ್ರಗಳಲ್ಲಿ ಹಲವಕ್ಕೆ ಲಿಂಟ್ ಜಾಲರಿ ಇರುವುದೇ ಇಲ್ಲ. ಎಳೆಗಳು ನೀರಿನೊಡನೆ ಕೊಚ್ಚಿಹೋಗಬೇಕೆಂಬುದು ಅವುಗಳ ವಿನ್ಯಾಸ. ಆದುದರಿಂದ ಮುಂಭಾಗದ ಕೆಳಮೂಲೆಯಲ್ಲಿರುವ ಪಂಪಿನ ಶೋಧಕವನ್ನೂ ಬಾಗಿಲಿನ ರಬ್ಬರು ಪಟ್ಟಿಯ ಮಡಿಕೆಯನ್ನೂ ಆಗಾಗ ಶುಚಿಗೊಳಿಸಬೇಕಾಗುತ್ತದೆ.

ಬೆಂಕಿಯ ಅಪಾಯ

ಹತ್ತಿಯ ಒಂದು ಗಟ್ಟಿ ಕಂಬಳಿಗೆ ಬೆಂಕಿ ತಗಲಿಸುವುದು ಕಷ್ಟ, ಅದೇ ಹತ್ತಿಯನ್ನು ಹಿಂಜಿ ಹರಡಿದರೆ ಒಂದು ಕಿಡಿ ಸಾಕು. ಲಿಂಟ್ ಎಂಬುದು ಹಿಂಜಿದ ಹತ್ತಿಗಿಂತಲೂ ನವಿರು. ಪ್ರತಿ ಎಳೆಯ ಸುತ್ತಲೂ ಗಾಳಿಯಿದ್ದು, ಕಾಯಿಸಬೇಕಾದ ತೂಕ ಅತ್ಯಲ್ಪವಾಗಿರುವುದರಿಂದ ಅದು ಬೇಗನೆ ಹೊತ್ತಿಕೊಳ್ಳುತ್ತದೆ. ಹೊರಸಂಚಾರಕ್ಕೆ ಹೋಗುವವರು ಶಿಬಿರದ ಬೆಂಕಿ ಹೊತ್ತಿಸಲು ಹತ್ತಿಬಟ್ಟೆಯ ಲಿಂಟನ್ನು ಒಯ್ಯುವುದು ಇದೇ ಗುಣದಿಂದಾಗಿ.

ಅಮೆರಿಕದ ಅಗ್ನಿಶಾಮಕ ಆಡಳಿತವು 2008ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿ, ವಸತಿ ಕಟ್ಟಡಗಳಲ್ಲಿ ಡ್ರೈಯರಿನಿಂದ ವರ್ಷಕ್ಕೆ ಸುಮಾರು 2,900 ಬೆಂಕಿ ಅವಘಡಗಳಾಗುತ್ತಿವೆ ಎಂದು ಅಂದಾಜಿಸಿತು. ಇವುಗಳಿಂದ ವರ್ಷಕ್ಕೆ ಸುಮಾರು 5 ಸಾವು, 100 ಮಂದಿಗೆ ಗಾಯ ಮತ್ತು 3.5 ಕೋಟಿ ಡಾಲರ್ ನಷ್ಟ ಸಂಭವಿಸುತ್ತಿತ್ತು. ಶುಚಿಗೊಳಿಸದಿರುವುದೇ ಶೇ. 34ರಷ್ಟು ಪ್ರಕರಣಗಳಲ್ಲಿ ಮುಖ್ಯ ಕಾರಣವಾಗಿತ್ತು. ಚಳಿಗಾಲದಲ್ಲಿ, ಅದರಲ್ಲೂ ಜನವರಿಯಲ್ಲಿ ಇಂಥ ಅವಘಡಗಳು ಹೆಚ್ಚು.

ಬೆಂಕಿ ಹೊತ್ತುವುದು ಜಾಲರಿಯ ಮೇಲೆಯೇ ಎಂದುಕೊಳ್ಳಬೇಕಾಗಿಲ್ಲ. ಡ್ರಮ್ಮಿನ ಅಂಚಿನ ಸಂದುಗಳಿಂದ ಸೋರಿದ ಎಳೆಗಳು ಯಂತ್ರದ ಒಡಲಿನೊಳಗೆ, ಹೀಟರಿನ ಸುತ್ತಮುತ್ತ ಕೂರುತ್ತವೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳ ವರದಿಯು ಈ ಅಂಶಕ್ಕೆ ಗಮನ ಸೆಳೆಯಿತು: ಹೀಟರಿನ ಸಮೀಪ ಸೇರಿದ ಲಿಂಟ್ ಹೊತ್ತಿಕೊಳ್ಳಬಲ್ಲದು, ಹೀಟರಿನೊಳಕ್ಕೆ ಸೆಳೆಯಲ್ಪಟ್ಟ ಲಿಂಟ್ ಕೆಂಡವಾಗಿ ಗಾಳಿಯೊಡನೆ ಸಾಗಿ ಮುಂದಿನ ಭಾಗಗಳಿಗೂ ಬೆಂಕಿ ಹರಡಬಲ್ಲದು. ಜಾಲರಿ ಮತ್ತು ಕೊಳವೆ ಕಟ್ಟಿಕೊಂಡಷ್ಟೂ ಒಳಗಿನ ತಾಪವೂ ಈ ಸೋರಿಕೆಯೂ ಹೆಚ್ಚುತ್ತವೆ. ಹೀಗಾಗಿ ಕೆಲವು ವರ್ಷಗಳಿಗೊಮ್ಮೆ ಯಂತ್ರದ ಹೊದಿಕೆಯನ್ನು ಬಿಚ್ಚಿಸಿ ಒಳಗಿನ ಲಿಂಟ್ ತೆಗೆಸುವುದು ಅಗತ್ಯ.

ಜಾಲರಿಯನ್ನು ಶ್ರದ್ಧೆಯಿಂದ ಶುಚಿಗೊಳಿಸಿದರೂ ಸಾಲದ ಸಂದರ್ಭಕ್ಕೆ ಬ್ರಿಟನ್ನಿನ ಪ್ರಕರಣವೊಂದು ನಿದರ್ಶನ. 2004ರ ಏಪ್ರಿಲ್‌ನಿಂದ 2015ರ ಸೆಪ್ಟೆಂಬರ್‌ವರೆಗೆ ತಯಾರಾದ ಹಾಟ್‌ಪಾಯಿಂಟ್, ಇಂಡೆಸಿಟ್, ಕ್ರೀಡಾ ಮೊದಲಾದ ಹೆಸರಿನ ಕೆಲವು ಡ್ರೈಯರ್‌ಗಳಲ್ಲಿ ಹೆಚ್ಚುವರಿ ಲಿಂಟ್ ಹೀಟರಿಗೆ ತಗಲಿ ಹೊತ್ತಿಕೊಳ್ಳುವ ವಿನ್ಯಾಸದೋಷವಿತ್ತು. ಈ ಹೆಸರುಗಳ ಒಡೆತನ ಹೊಂದಿದ್ದ ವರ್ಲ್‌ಪೂಲ್ ಕಂಪನಿ 2015ರಲ್ಲಿ ಎಚ್ಚರಿಕೆ ನೀಡಿ, ಯಂತ್ರಗಳನ್ನು ಮಾರ್ಪಡಿಸಿಕೊಡುವ ಯೋಜನೆ ಆರಂಭಿಸಿತು. ಅಲ್ಲಿಯವರೆಗೆ ಕಣ್ಗಾವಲಿನಲ್ಲಿ ಬಳಸಬಹುದೆಂಬುದು ಕಂಪನಿಯ ಸಲಹೆಯಾಗಿತ್ತು. 2016ರ ಆಗಸ್ಟ್ 19ರಂದು ಲಂಡನ್ನಿನ ಶೆಫರ್ಡ್ಸ್ ಬುಷ್ ಪ್ರದೇಶದ 18 ಅಂತಸ್ತುಗಳ ಶೆಫರ್ಡ್ಸ್ ಕೋರ್ಟ್ ಕಟ್ಟಡದಲ್ಲಿ ಬೆಂಕಿ ಕಾಣಿಸಿಕೊಂಡು, ಅದನ್ನು ಆರಿಸಲು 120 ಮಂದಿ ಅಗ್ನಿಶಾಮಕ ಸಿಬ್ಬಂದಿ ಬೇಕಾದರು. ದೋಷಯುಕ್ತ ಇಂಡೆಸಿಟ್ ಡ್ರೈಯರ್ ಇದಕ್ಕೆ ಕಾರಣವೆಂದು ಲಂಡನ್ ಅಗ್ನಿಶಾಮಕ ದಳ ತಿಳಿಸಿತು. 2017ರ ಫೆಬ್ರುವರಿಯಲ್ಲಿ ಸಲಹೆ ಬದಲಾಗಿ, ಮಾರ್ಪಡಿಸದ ಯಂತ್ರಗಳ ಪ್ಲಗ್ಗನ್ನು ಕಿತ್ತಿಡುವಂತೆ ಸೂಚಿಸಲಾಯಿತು. 2019ರಲ್ಲಿ ಸರ್ಕಾರ ಮಧ್ಯಪ್ರವೇಶಿಸಿದ ಅನಂತರ, ಇನ್ನೂ ಮನೆಗಳಲ್ಲಿದ್ದ ಸುಮಾರು 5 ಲಕ್ಷ ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಳ್ಳುವ ಕಾರ್ಯ ಆರಂಭವಾಯಿತು. ಬಳಕೆಯಲ್ಲಿರುವ ಯಂತ್ರದ ಮಾದರಿ ಸಂಖ್ಯೆಯನ್ನು ಹಿಂಪಡೆಯುವಿಕೆಯ ಪಟ್ಟಿಯೊಡನೆ ಹೋಲಿಸಿ ನೋಡುವುದೂ ನಿರ್ವಹಣೆಯ ಭಾಗವೇ ಆಗಿದೆ.

ಎಣ್ಣೆ ಹತ್ತಿದ ಬಟ್ಟೆಗಳದು ಬೇರೆಯೇ ಬಗೆಯ ಅಪಾಯ. ಅಡುಗೆ ಎಣ್ಣೆ, ಅಭ್ಯಂಗದ ಎಳ್ಳೆಣ್ಣೆ, ಬಣ್ಣದ ಕೆಲಸದ ಅಗಸೆ ಎಣ್ಣೆ ಮುಂತಾದವು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ತಾವಾಗಿಯೇ ಬಿಸಿಯಾಗುತ್ತವೆ. ಒಮ್ಮೆ ಒಗೆದರೂ ಎಣ್ಣೆಯ ಅಂಶ ಬಟ್ಟೆಯಲ್ಲಿ ಉಳಿದಿರಬಹುದು. ಡ್ರೈಯರಿನಲ್ಲಿ ಕಾದ ಇಂಥ ಬಟ್ಟೆಗಳನ್ನು ಗುಡ್ಡೆಯಾಗಿಟ್ಟರೆ ಹುಟ್ಟಿದ ಶಾಖ ಹೊರಹೋಗದೆ, ಯಂತ್ರ ನಿಂತ ಎಷ್ಟೋ ಹೊತ್ತಿನ ಮೇಲೆ ಹೊಗೆಯಾಡಬಹುದು. ಡ್ರೈಯರಿನ ಕಾರ್ಯಕ್ರಮದ ಕೊನೆಗೆ ಹೀಟರ್ ಆರಿ ಬಟ್ಟೆ ಮಾತ್ರ ಹೊರಳುತ್ತಿರುವ ಕೆಲವು ನಿಮಿಷಗಳು ಈ ಶಾಖವನ್ನು ತಣಿಸುವುದಕ್ಕಾಗಿಯೇ ಇವೆ. ನಡುವೆ ಯಂತ್ರವನ್ನು ನಿಲ್ಲಿಸಬೇಕಾಗಿ ಬಂದರೆ ಬಟ್ಟೆಗಳನ್ನು ಕೂಡಲೇ ಹೊರತೆಗೆದು ಹರವಬೇಕೆಂದು ಬಳಕೆದಾರರ ಕೈಪಿಡಿಗಳು ಹೇಳುತ್ತವೆ.

ಎಚ್ಚರಿಕೆಯ ಲಕ್ಷಣಗಳು

ಮೊದಲು ಒಂದು ಸುತ್ತಿನಲ್ಲಿ ಒಣಗುತ್ತಿದ್ದ ಬಟ್ಟೆಗೆ ಎರಡು ಸುತ್ತು ಬೇಕಾದರೆ ಗಾಳಿಯ ದಾರಿ ಕಟ್ಟಿದೆ ಎಂದು ತಿಳಿಯಬೇಕು. ಯಂತ್ರದ ಮೇಲ್ಮೈ ಅಥವಾ ಹೊರತೆಗೆದ ಬಟ್ಟೆ ಎಂದಿಗಿಂತ ಬಿಸಿಯಾಗಿರುವುದು, ಕೋಣೆಯ ಕಿಟಕಿಯ ಗಾಜಿಗೆ ಹನಿ ಕಟ್ಟುವುದು, ಹೊರಗೋಡೆಯ ಮುಚ್ಚಳ ಯಂತ್ರ ಓಡುವಾಗಲೂ ತೆರೆಯದಿರುವುದು, ಸುಟ್ಟ ವಾಸನೆ ಇವೆಲ್ಲವೂ ಲಕ್ಷಣಗಳು. ಟವೆಲು ಹಾಕಿದರೂ ಜಾಲರಿಯಲ್ಲಿ ಲಿಂಟ್ ಕಾಣದಿದ್ದರೆ ಸಮಾಧಾನಪಡುವಂತಿಲ್ಲ. ಜಾಲರಿ ಹರಿದಿರಬಹುದು, ಸರಿಯಾಗಿ ಕೂತಿಲ್ಲದಿರಬಹುದು, ಅಥವಾ ಕೊಳವೆ ಕಟ್ಟಿ ಗಾಳಿಯೇ ಹರಿಯದಿರಬಹುದು. ಕೆಲವು ಯಂತ್ರಗಳಲ್ಲಿ ತಾಪ ಮಿತಿಮೀರಿದಾಗ ಒಂದೇ ಬಾರಿಗೆ ಸುಟ್ಟುಹೋಗುವ ಥರ್ಮಲ್ ಫ್ಯೂಸ್ ಇರುತ್ತದೆ. ಕಟ್ಟಿಕೊಂಡ ದಾರಿಯನ್ನು ಶುಚಿಗೊಳಿಸದೆ ಫ್ಯೂಸನ್ನಷ್ಟೇ ಬದಲಿಸಿದರೆ ಅದು ಮತ್ತೆ ಸುಡುತ್ತದೆ. ಅದನ್ನು ತಪ್ಪಿಸಿ ತಂತಿ ಜೋಡಿಸುವುದು ಅತ್ಯಂತ ಅಪಾಯಕರ.

ಮನೆಯಲ್ಲಿ ಯಾರೂ ಇಲ್ಲದಾಗ ಅಥವಾ ಎಲ್ಲರೂ ಮಲಗಿರುವಾಗ ಡ್ರೈಯರ್ ಓಡಿಸಬಾರದು. ಒಳಗೆ ಬೆಂಕಿ ಕಂಡರೆ ಬಾಗಿಲನ್ನು ತೆರೆಯದೆ, ಸುರಕ್ಷಿತವಾಗಿ ಸಾಧ್ಯವಿದ್ದರೆ ವಿದ್ಯುತ್ ಕಡಿದು, ಎಲ್ಲರೂ ಹೊರಬಂದು ಅಗ್ನಿಶಾಮಕ ದಳಕ್ಕೆ ಕರೆಮಾಡಬೇಕು. ಬಾಗಿಲು ತೆರೆದರೆ ಉರಿಗೆ ಹೊಸ ಗಾಳಿ ದೊರೆಯುತ್ತದೆ. ಭಾರತದಲ್ಲಿ 112 ಅಥವಾ 101, ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999 ತುರ್ತು ಸಂಖ್ಯೆಗಳಾಗಿವೆ.

ಭಾರತದಲ್ಲಿ ಬಳಕೆ

ಭಾರತದ ಬಹುಪಾಲು ಮನೆಗಳಲ್ಲಿ ಬಟ್ಟೆ ಒಣಗುವುದು ಇಂದಿಗೂ ಬಿಸಿಲಿನಲ್ಲಿಯೇ. ಕರ್ನಾಟಕದ ಮಲೆನಾಡು, ಕೊಡಗು ಮತ್ತು ಕರಾವಳಿಯಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಬಚ್ಚಲೊಲೆಯ ಬಿಸಿಗೆ, ಫ್ಯಾನಿನ ಗಾಳಿಗೆ ಬಟ್ಟೆ ಹರವುವುದು ರೂಢಿಯಲ್ಲಿದೆ. ನಗರದ ಬಹುಮಹಡಿ ವಸತಿಗಳಲ್ಲಿ ಡ್ರೈಯರ್ ಮತ್ತು ಸಂಯುಕ್ತ ಯಂತ್ರಗಳು ಕಾಣಿಸುತ್ತವೆ. ಕೊಳವೆಯುಳ್ಳ ಯಂತ್ರದ ಕೊಳವೆಯನ್ನು ಹೊರಗೆ ಬಿಡದೆ ಬಾಲ್ಕನಿಯ ಮೂಲೆಯಲ್ಲೋ ಯುಟಿಲಿಟಿ ಕೋಣೆಯಲ್ಲೋ ಹಾಗೆಯೇ ಬಿಟ್ಟರೆ ತೇವ ಮತ್ತು ಲಿಂಟ್ ಅಲ್ಲಿಯೇ ಸುತ್ತಾಡಿ ಯಂತ್ರಕ್ಕೇ ಮರಳಿ ಸೇರುತ್ತವೆ. ಮಳೆಗಾಲದಲ್ಲಿ ಮಾತ್ರ ಬಳಸಿ ಉಳಿದ ತಿಂಗಳು ಮುಚ್ಚಿಟ್ಟ ಯಂತ್ರದ ಕೊಳವೆಯಲ್ಲಿ ಜಿರಲೆ, ಹಲ್ಲಿ, ಹಕ್ಕಿಗೂಡು ಸೇರಿರಬಹುದು. ಜೂನ್ ಆರಂಭಕ್ಕೆ ಮೊದಲ ಸಲ ಓಡಿಸುವ ಮುನ್ನ ಜಾಲರಿ, ಕೊಳವೆ ಎರಡನ್ನೂ ನೋಡುವುದು ಇಲ್ಲಿನ ಹವೆಗೆ ಹೊಂದುವ ಕ್ರಮ.

ಲಿಂಟ್‌ನ ವಿಲೇವಾರಿ ಮತ್ತು ಪರಿಸರ

ಇಂದಿನ ಬಟ್ಟೆಗಳಲ್ಲಿ ಪಾಲಿಯೆಸ್ಟರ್, ನೈಲಾನ್‌ಗಳ ಬೆರಕೆ ಹೆಚ್ಚಿರುವುದರಿಂದ ಲಿಂಟ್‌ನ ಒಂದು ಭಾಗ ಪ್ಲಾಸ್ಟಿಕ್ಕೇ ಆಗಿರುತ್ತದೆ. ಅಮೆರಿಕದ ಕರ್ಸ್ಟನ್ ಕ್ಯಾಪ್ ಮತ್ತು ರೇಚಲ್ ಮಿಲ್ಲರ್ ಅವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಡ್ರೈಯರ್ ಕೊಳವೆಯ ಹೊರಗಿನ ಹಿಮದ ಮೇಲೆ ಬಟ್ಟೆಯ ಸೂಕ್ಷ್ಮ ಎಳೆಗಳು ಹರಡಿರುವುದನ್ನು ದಾಖಲಿಸಿದರು. ಒಂದು ಡ್ರೈಯರ್ ವರ್ಷಕ್ಕೆ 12 ಕೋಟಿಯವರೆಗೆ ಸೂಕ್ಷ್ಮ ಎಳೆಗಳನ್ನು ಗಾಳಿಗೆ ಬಿಡಬಹುದೆಂದು ಹಾಂಗ್‌ಕಾಂಗ್‌ನ ಸಂಶೋಧಕರು 2022ರಲ್ಲಿ ಅಂದಾಜಿಸಿದರು. ಈ ಎಳೆಗಳೆಲ್ಲವೂ ಜಾಲರಿಯನ್ನು ದಾಟಿ ಹೋದವು.

ಜಾಲರಿಯಲ್ಲಿ ದೊರೆತ ಲಿಂಟನ್ನು ಸಿಂಕಿನಲ್ಲಿ ತೊಳೆದು ಬಿಡದೆ ಒಣಕಸದೊಡನೆ ಹಾಕಬೇಕು. ಯಂತ್ರದ ಪಕ್ಕದ ಬುಟ್ಟಿಯಲ್ಲಿ ಅದನ್ನು ಗುಡ್ಡೆ ಹಾಕಿಡಬಾರದು. ಪೂರ್ತಿ ಹತ್ತಿಯ ಬಟ್ಟೆಗಳಿಂದ ಬಂದದ್ದನ್ನು ಮಾತ್ರ ಗೊಬ್ಬರದ ಗುಂಡಿಗೆ ಸೇರಿಸಬಹುದು. ಬೆರಕೆ ಬಟ್ಟೆಯದಾದರೆ ಪ್ಲಾಸ್ಟಿಕ್ ಎಳೆಗಳು ಮಣ್ಣಿನಲ್ಲಿ ಹಾಗೆಯೇ ಉಳಿಯುತ್ತವೆ. ಹಕ್ಕಿಗಳು ಗೂಡಿಗೆ ಬಳಸಲೆಂದು ತೋಟದಲ್ಲಿ ಲಿಂಟ್ ಇಡುವ ಅಭ್ಯಾಸ ಕೆಲವೆಡೆ ಇದೆ. ಮಳೆಗೆ ನೆನೆದರೆ ಲಿಂಟ್ ಬಿಡಿಬಿಡಿಯಾಗಿ ಗೂಡು ಕುಸಿಯುವುದರಿಂದಲೂ, ಮಾರ್ಜಕ ಮತ್ತು ಸುಗಂಧದ ಶೇಷ ಅದರಲ್ಲಿ ಉಳಿದಿರುವುದರಿಂದಲೂ ಪಕ್ಷಿತಜ್ಞರು ಇದನ್ನು ಒಪ್ಪುವುದಿಲ್ಲ.